ವಠಾರಕ್ಕೆ ಮರಳಿ ಬರುವ ಕ್ಷಯ

ಪ್ರಶ್ನೆ: ನಾವು ಲಗ್ಗೆರೆಯ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದೇವೆ. ಎಂಟು ಮನೆಗಳಲ್ಲಿ ಎರಡು ವರ್ಷಗಳೊಳಗೆ ಮೂವರಿಗೆ ಕ್ಷಯ ಬಂದಿತ್ತು. ಈಗ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ನನ್ನ ನಾದಿನಿಗೂ ಬಂದಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಕೊಡುತ್ತಿದ್ದಾರೆ. ಮನೆಯ ಮಾಲೀಕರು ಮಾತ್ರ, ನಮ್ಮ ಕೊಳಕುತನದಿಂದಲೇ ಈ ಕಾಯಿಲೆ ಎಂದು ಹೇಳಿ ಮನೆ ಖಾಲಿ ಮಾಡಿಸಲು ನೋಡುತ್ತಿದ್ದಾರೆ. ಅವಳ ತಟ್ಟೆ, ಲೋಟ ಬೇರೆ ಇಡಬೇಕೆ? ಇದು ನಮ್ಮ ತಪ್ಪೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಇದು ನಿಮ್ಮ ತಪ್ಪಲ್ಲ. ತಟ್ಟೆ, ಲೋಟವನ್ನು ಬೇರೆ ಇಡುವ ಅಗತ್ಯವೂ ಇಲ್ಲ. ಕ್ಷಯ ಎಂಜಲಿನಿಂದ ಹರಡುವುದಿಲ್ಲ. ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ ಗಾಳಿಗೆ ಸೇರುವ ಅತಿ ಸಣ್ಣ ಹನಿಗಳಿಂದ ಹರಡುತ್ತದೆ. ಆದ್ದರಿಂದ ಕೇಳಬೇಕಾದದ್ದು ಮನೆ ಎಷ್ಟು ಗುಡಿಸಿದೆ ಎಂದಲ್ಲ, ಗಾಳಿ ಎಷ್ಟು ಆಡುತ್ತದೆ ಎಂದು. ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವ, ಎದುರು ಮನೆಯ ಗೋಡೆಗೆ ತೆರೆದುಕೊಳ್ಳುವ ಮನೆಗೆ ಕಿಟಕಿ ಇಡಿಸುವ ಅಧಿಕಾರ ಬಾಡಿಗೆದಾರರಿಗಿಲ್ಲ, ಮಾಲೀಕರಿಗಿದೆ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟೇ ಅಪಾಯವೆಂದು ಈ ಊರು ಅರಿತಿತ್ತು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ಬೆಳೆದದ್ದು ಆ ಭಯದ ಬೆನ್ನಿಗೇ. ಆ ಅರಿವು ಲಗ್ಗೆರೆಯ ತನಕ ಬರಲಿಲ್ಲವೆಂಬುದು ನನಗೆ ನೋವಿನ ಸಂಗತಿ.

ಗಾಳಿಗಿಂತಲೂ ದೊಡ್ಡ ವಿಷಯ ಊಟದ್ದು. ಕ್ಷಯದ ರೋಗಾಣು ದೇಹವನ್ನು ಹೊಕ್ಕ ನೂರು ಜನರಲ್ಲಿ ಮುಂದೆ ಕಾಯಿಲೆ ಬೀಳುವವರು 5ರಿಂದ 10 ಮಂದಿ ಮಾತ್ರ. ದೇಹ ಸೊರಗಿದ್ದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಆ ಅಪಾಯ ಹೆಚ್ಚು. ಜಾರ್ಖಂಡ್‌ನಲ್ಲಿ 2019ರಿಂದ 2022ರವರೆಗೆ ನಡೆದ ಅಧ್ಯಯನವೊಂದರಲ್ಲಿ ಕ್ಷಯರೋಗಿಗಳ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ ಮತ್ತು ಪೋಷಕಾಂಶದ ಮಾತ್ರೆ ಕೊಟ್ಟರು. ರೋಗಿಗಷ್ಟೇ ಆಹಾರ ಸಿಕ್ಕ ಕುಟುಂಬಗಳಿಗೆ ಹೋಲಿಸಿದರೆ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ಶೇ 39ರಷ್ಟು ಕಡಿಮೆಯಿತ್ತು. ಬೆಳಗ್ಗೆ ಏನೂ ತಿನ್ನದೆ ಕಾರ್ಖಾನೆಯ ಗೇಟು ಮುಚ್ಚುವ ಮೊದಲೇ ಓಡಿ, ರಾತ್ರಿ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಹೆಣ್ಣುಮಕ್ಕಳು ನಿಮ್ಮ ವಠಾರದಲ್ಲಿ ಎಷ್ಟು ಮಂದಿ ಇದ್ದಾರೆಂದು ನೀವೇ ಬಲ್ಲಿರಿ.

ಬಡವರಿಗೆ ತಿಳಿವಳಿಕೆ ಇಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಮ್ಮು, ಜ್ವರವೆಂದು ಆಗಲೇ ಚಿಕಿತ್ಸೆಗೆ ಹೋಗಿಬಂದಿದ್ದರು. ಅವರು ಕೆಮ್ಮಿನ ಔಷಧಿಯ ಸೀಸೆ ಹಿಡಿದು ಹಿಂತಿರುಗುತ್ತಿದ್ದ ಕಾಲ ಅದು.

ಮನೆ ಖಾಲಿ ಮಾಡಿಸಿದರೆ ಕಾಯಿಲೆ ಬೇರೆ ಬೀದಿಗೆ ಹೋಗುತ್ತದೆ, ಅಷ್ಟೆ. ಜೊತೆಗೆ ಮಾತ್ರೆ ನಡುವೆ ನಿಂತರೆ ಔಷಧಿಗೆ ಬಗ್ಗದ ಕ್ಷಯವಾಗುವ ಅಪಾಯವಿದೆ. ಸರಿಯಾದ ಚಿಕಿತ್ಸೆ ಆರಂಭವಾದ ಕೆಲವೇ ವಾರಗಳಲ್ಲಿ ಹರಡುವಿಕೆ ಬಹುಮಟ್ಟಿಗೆ ಇಳಿಯುತ್ತದೆಂಬುದನ್ನು, ನಿಮ್ಮ ಮಾತಿಗಿಂತ ಆಸ್ಪತ್ರೆಯ ಕ್ಷಯ ವಿಭಾಗದ ಸಿಬ್ಬಂದಿಯೋ ಆಶಾ ಕಾರ್ಯಕರ್ತೆಯೋ ಬಂದು ಹೇಳಿದರೆ ಮಾಲೀಕರು ಕೇಳಿಯಾರು, ಅವರನ್ನು ಕರೆತನ್ನಿ. ಅದೇ ಭೇಟಿಯಲ್ಲಿ ಮನೆಯ ಎಲ್ಲರ, ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳ ತಪಾಸಣೆ ಮಾಡಿಸಿ, ಕಾಯಿಲೆ ಇಲ್ಲದವರಿಗೆ ತಡೆಗಟ್ಟುವ ಔಷಧಿಯ ಬಗ್ಗೆ ಕೇಳಿ. ಕ್ಷಯರೋಗಿಗಳ ಪೌಷ್ಟಿಕ ಊಟಕ್ಕೆಂದು ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ನಿಮ್ಮ ನಾದಿನಿಯ ಬ್ಯಾಂಕ್ ಖಾತೆಗೆ ಬರಬೇಕು. ಅದು 2024ರ ನವೆಂಬರಿಗೆ ಮೊದಲು 500 ಇತ್ತು. ಖಾತೆಯ ವಿವರ ದಾಖಲಾಗಿದೆಯೇ ಎಂದು ಈ ವಾರವೇ ವಿಚಾರಿಸಿ.