ಚಾನೆಲ್ 16 ಯಾರ ಸ್ವತ್ತು?

ಓದುಗರ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದವರು ಕುಂದಾಪುರದ ನಿವೃತ್ತ ಹಡಗು ರೇಡಿಯೊ ಅಧಿಕಾರಿ.

ಪ್ರಶ್ನೆ: ನಮ್ಮದು ಆಳಸಮುದ್ರ ಟ್ರಾಲ್ ಬೋಟು. ಕಳೆದ ಹಂಗಾಮಿನಲ್ಲಿ ಆನ್‌ಲೈನ್‌ನಲ್ಲಿ ಎರಡು ವಾಕಿಟಾಕಿ ತರಿಸಿದೆವು. ಬೋಟಿನ ವಯರ್‌ಲೆಸ್ ಚಾನೆಲ್‌ಗಳೆಲ್ಲ ಅದರಲ್ಲಿ ಸಿಗುತ್ತವೆ, ಮಾತೂ ಸ್ಪಷ್ಟ. ಅದು ಕಾನೂನುಬಾಹಿರವೆಂದು ದಕ್ಕೆಯಲ್ಲಿ ಒಬ್ಬರು ಹೇಳುತ್ತಿದ್ದಾರೆ. ಗಾಳಿಯಲ್ಲಿ ಮಾತನಾಡಲು ಸರ್ಕಾರದ ಅಪ್ಪಣೆ ಏಕೆ ಬೇಕು?
— ಬೋಟು ಮಾಲೀಕರು, ಮಲ್ಪೆ

ಉತ್ತರ: ದಕ್ಕೆಯಲ್ಲಿ ಹೇಳಿದವರ ಮಾತು ಸರಿ, ಮಾಲೀಕರೇ. ನೀವು ತರಿಸಿದ ಸೆಟ್ಟು ಬಹುಶಃ 136ರಿಂದ 174 ಮೆಗಾಹರ್ಟ್ಸ್ ನಡುವೆ ಎಲ್ಲಿಗೆ ಬೇಕಾದರೂ ತಿರುಗಿಸಬಹುದಾದ ಮಾದರಿಯದು. ಕಡಲಿಗೆಂದು ಮೀಸಲಿಟ್ಟ, ವಿಎಚ್‌ಎಫ್ ಎಂದು ಕರೆಯುವ ತರಂಗಾಂತರ ಶ್ರೇಣಿ 156ರಿಂದ 162 ಮೆಗಾಹರ್ಟ್ಸ್ ಆಸುಪಾಸಿನಲ್ಲಿದೆ. ಹಾಗಾಗಿ ಬೋಟಿನ ಚಾನೆಲ್‌ಗಳು ಅದರಲ್ಲಿ ಸಿಗುತ್ತವೆ. ಆದರೆ ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ವಾಕಿಟಾಕಿಗಳು 2018ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್‌ನೊಳಗಿನ ಅಲ್ಪಶಕ್ತಿಯ ಸೆಟ್ಟುಗಳು. ಕಡಲಿನ ಚಾನೆಲ್‌ನಲ್ಲಿ ಮಾತನಾಡಬೇಕಾದರೆ ಮಾನ್ಯತೆ ಪಡೆದ ಸೆಟ್ಟು ಬೇಕು, ಜೊತೆಗೆ ದೂರಸಂಪರ್ಕ ಇಲಾಖೆಯಲ್ಲಿ ಡಬ್ಲ್ಯುಪಿಸಿ ಎಂದು ಕರೆಯುವ ವಿಭಾಗದ ಪರವಾನಗಿ ಬೇಕು. ಜಾಲತಾಣದ ಅಂಗಡಿಗಳು ಇದನ್ನು ಗಿರಾಕಿಗೆ ತಿಳಿಸದೆ ಮಾರುತ್ತಿದ್ದವು. ಸೆಟ್ಟಿನ ತರಂಗಾಂತರವನ್ನೂ ಪರವಾನಗಿ ಬೇಕೇ ಎಂಬುದನ್ನೂ ತೋರಿಸಲೇಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ಹೊರಡಿಸಿತು.

ಅಪ್ಪಣೆ ಏಕೆ ಎಂದು ಕೇಳಿದ್ದೀರಿ. ಕಾನೂನಿನ ಪುಸ್ತಕಕ್ಕಿಂತ ನಿಮ್ಮ ಸೆಟ್ಟಿನ ಸ್ವಭಾವವೇ ಇದಕ್ಕೆ ಉತ್ತರ ಹೇಳುತ್ತದೆ. ಈ ಚಾನೆಲ್‌ಗಳಲ್ಲಿ ಮಾತು ಎಫ್‌ಎಂ ಪದ್ಧತಿಯಲ್ಲಿ ಹೋಗುತ್ತದೆ. ಎರಡು ಕಡೆಯಿಂದ ಏಕಕಾಲಕ್ಕೆ ಮಾತು ಬಂದರೆ ಎಫ್‌ಎಂ ಸೆಟ್ಟು ಎರಡನ್ನೂ ಬೆರೆಸಿ ಕೇಳಿಸುವುದಿಲ್ಲ. ಬಲವಾದದ್ದನ್ನು ಹಿಡಿದುಕೊಳ್ಳುತ್ತದೆ, ಕ್ಷೀಣವಾದದ್ದನ್ನು ಪೂರ್ತಿ ಅಳಿಸಿಬಿಡುತ್ತದೆ. ನಿಮ್ಮಿಂದ ಎರಡು ಮೈಲಿನಲ್ಲಿ ಒಬ್ಬ ಹುಡುಗ ಮೊಬೈಲನ್ನು ಮೈಕಿಗೆ ಹಿಡಿದು ಹಾಡು ಹಾಕಿದ್ದಾನೆ, ಎಂಟು ಮೈಲಿನಾಚೆ ಇನ್ನೊಂದು ಬೋಟಿಗೆ ನೀರು ನುಗ್ಗುತ್ತಿದೆ ಎಂದುಕೊಳ್ಳಿ. ನಿಮಗೆ ಹಾಡು ಮಾತ್ರ ಕೇಳುತ್ತದೆ. ಅದರ ಹಿಂದೆ ಒಬ್ಬರು ಕೂಗುತ್ತಿದ್ದಾರೆಂಬ ಸುಳಿವೂ ಸಿಗುವುದಿಲ್ಲ. ಕೂಗು ತಲುಪಲಿಲ್ಲವೆಂದು ಕೂಗಿದವನಿಗೂ ತಿಳಿಯುವುದಿಲ್ಲ, ಏಕೆಂದರೆ ಗುಂಡಿ ಒತ್ತಿರುವಷ್ಟು ಹೊತ್ತು ಅವನ ಸೆಟ್ಟು ಏನನ್ನೂ ಆಲಿಸುವುದಿಲ್ಲ.

ಹಾಡೇ ಬೇಕೆಂದಿಲ್ಲ. ವೀಲ್‌ಹೌಸಿನಲ್ಲಿ ಮೈಕಿನ ಮೇಲೆ ಬಲೆಯ ಹಗ್ಗವೋ ಹಾಸಿಗೆಯೋ ಬಿದ್ದು ಗುಂಡಿ ಒತ್ತಿಕೊಂಡರೂ ಸಾಕು, ಅಪಾಯದಲ್ಲಿರುವವರು ಕೂಗಿ ಕರೆಯುವ ಚಾನೆಲ್ 16 ಸುತ್ತಲಿನ ಬೋಟುಗಳಿಗೆಲ್ಲ ಮುಚ್ಚಿಹೋಗುತ್ತದೆ. ಬೋಟು ನಡೆಸುವ ಪ್ರತಿ ತಂಡೇಲರಿಗೂ ನನ್ನ ಕಳಕಳಿಯ ವಿನಂತಿ: ಮೈಕನ್ನು ಕೊಕ್ಕೆಗೇ ಸಿಕ್ಕಿಸಿ. 156.8 ಮೆಗಾಹರ್ಟ್ಸ್‌ನ ಆ ಚಾನೆಲ್‌ನಲ್ಲಿ ಒಬ್ಬರನ್ನೊಬ್ಬರು ಕರೆಯಬಹುದು. ಕರೆದ ಕೂಡಲೇ ಬೇರೆ ಚಾನೆಲ್‌ಗೆ ಹೋಗಿ ಮೀನಿನ ದರ, ಡೀಸೆಲ್ ಲೆಕ್ಕ ಮಾತನಾಡಿಕೊಳ್ಳಿ. ಚಾನೆಲ್ 70ರಲ್ಲಂತೂ ಮಾತೇ ಕೂಡದು. ಅದು ಸೆಟ್ಟಿನ ಕೆಂಪು ಗುಂಡಿ ಒತ್ತಿದಾಗ ತಾನಾಗಿ ಹೋಗುವ ಅಪಾಯ ಸಂಕೇತಕ್ಕೆಂದೇ ಇರುವ ದಾರಿ.

ಪ್ರಶ್ನೆ: ಸ್ಪೆಕ್ಟ್ರಂ ಹರಾಜಿನಿಂದ ಸರ್ಕಾರಕ್ಕೆ ಸಾವಿರಾರು ಕೋಟಿ ಬರುತ್ತದೆ. ಹೆಚ್ಚಿನ ಹೊತ್ತು ಖಾಲಿಯಿರುವ ಕಡಲಿನ ತರಂಗಾಂತರವನ್ನೂ ಹರಾಜಿಗೆ ಇಡಬಾರದೇಕೆ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ನಾನು ಹಡಗಿಗೆ ಸೇರಿದ ಕಾಲದಲ್ಲಿ ರೇಡಿಯೊ ಕೋಣೆಯ ಗೋಡೆ ಗಡಿಯಾರದ ಮುಖದಲ್ಲಿ ಕೆಂಪು, ಹಸಿರು ಪಟ್ಟಿಗಳಿರುತ್ತಿದ್ದವು. ಪ್ರತಿ ಗಂಟೆಯ 15ರಿಂದ 18ನೇ ನಿಮಿಷ, 45ರಿಂದ 48ನೇ ನಿಮಿಷ ಕೆಂಪು. ಆ ಹೊತ್ತಿನಲ್ಲಿ 500 ಕಿಲೋಹರ್ಟ್ಸ್‌ನ ಮೋರ್ಸ್ ಸಂಕೇತಗಳ ತರಂಗದಲ್ಲಿ ಜಗತ್ತಿನ ಯಾವ ಹಡಗೂ ಸಂದೇಶ ಕಳುಹಿಸುವ ಕೀಲಿ ಮುಟ್ಟುವಂತಿರಲಿಲ್ಲ. ಗಂಟೆಯ ಮೊದಲ ಮೂರು ನಿಮಿಷ ಮತ್ತು 30ರಿಂದ 33ನೇ ನಿಮಿಷ ಹಸಿರು. ಆಗ 2182 ಕಿಲೋಹರ್ಟ್ಸ್‌ನಲ್ಲಿ ಮಾತು ನಿಲ್ಲುತ್ತಿತ್ತು. ನಾವು ಸುಮ್ಮನಿದ್ದು ಕಿವಿಗೊಟ್ಟು ಕೂರುತ್ತಿದ್ದೆವು, ದುರ್ಬಲ ಬ್ಯಾಟರಿಯಿಂದ ಯಾರಾದರೂ ಕರೆಯುತ್ತಿದ್ದರೆ ಕೇಳಲಿ ಎಂದು. ನೀವು ಖಾಲಿ ಎನ್ನುವ ಆ ಹೊತ್ತನ್ನು ಜಗತ್ತಿನ ಹಡಗುಗಳೆಲ್ಲ ನಿಯಮ ಮಾಡಿಕೊಂಡು ಕಾಯುತ್ತಿದ್ದವು.

ಈ ತರಂಗಾಂತರವನ್ನು ಖಾಸಗಿ ಕಂಪನಿಗಳ ಮರ್ಜಿಗೆ ಬಿಟ್ಟ ಕಾಲವೂ ಇತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಾರ್ಕೋನಿ ಕಂಪನಿಯ ಆಪರೇಟರುಗಳು ಬೇರೆ ಕಂಪನಿಯ ಸೆಟ್ಟಿನಿಂದ ಬಂದ ಸಂದೇಶಕ್ಕೆ ಉತ್ತರ ಕೊಡುವಂತಿರಲಿಲ್ಲ. ಅದರ ವಿರುದ್ಧ ಎದ್ದ ಅಸಮಾಧಾನದಿಂದ 1903ರಲ್ಲಿ ಬರ್ಲಿನ್‌ನಲ್ಲಿ ರಾಷ್ಟ್ರಗಳು ಸೇರಿದವು. 1906ರಲ್ಲಿ ಅದೇ ಊರಿನಲ್ಲಿ ಆದ ಒಪ್ಪಂದ ಎಸ್‌ಒಎಸ್ ಸಂಕೇತವನ್ನು ಅಂಗೀಕರಿಸಿತು. ಯಾವ ಕಂಪನಿಯ ಯಂತ್ರವೆಂದು ನೋಡದೆ ಕರಾವಳಿ ಕೇಂದ್ರಗಳು ಹಡಗುಗಳ ಸಂದೇಶವನ್ನು ಸ್ವೀಕರಿಸಬೇಕೆಂದೂ ವಿಧಿಸಿತು. ಇಂದಿನ ಅಂತರರಾಷ್ಟ್ರೀಯ ರೇಡಿಯೊ ನಿಯಮಾವಳಿಯ ಬೇರು ಅಲ್ಲಿದೆ. ಅದರ 18ನೇ ಅನುಬಂಧದಲ್ಲಿ ಕಡಲಿನ ವಿಎಚ್‌ಎಫ್ ಚಾನೆಲ್‌ಗಳ ಪಟ್ಟಿಯಿದೆ. ಕಾರವಾರದ ಮುಂದೆ ಹಾದುಹೋಗುವ ಪನಾಮಾ ಬಾವುಟದ ತೈಲ ಹಡಗೂ ಬೈಂದೂರಿನ ಬೋಟೂ ಒಂದೇ ಚಾನೆಲ್‌ನಲ್ಲಿ ಒಂದನ್ನೊಂದು ಕರೆಯಲು ಸಾಧ್ಯವಾಗಿರುವುದು ಆ ಪಟ್ಟಿಯಿಂದ. ಭಾರತ ಒಂದೇ ಅದನ್ನು ಮಾರಲು ಬರುವುದಿಲ್ಲ.

ನಮ್ಮ 2023ರ ದೂರಸಂಪರ್ಕ ಕಾಯ್ದೆ ಇದನ್ನು ಸರಿಯಾಗಿ ಗುರುತಿಸಿದೆ. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆಗಳ ಜಾಗಕ್ಕೆ ಬಂದ ಈ ಕಾಯ್ದೆಯಲ್ಲಿ ಸ್ಪೆಕ್ಟ್ರಂ ಹಂಚಿಕೆಗೆ ಹರಾಜೇ ಸಾಮಾನ್ಯ ನಿಯಮ. ಆದರೆ ಹರಾಜಿಲ್ಲದೆ ಆಡಳಿತಾತ್ಮಕವಾಗಿ ಕೊಡಬೇಕಾದವುಗಳ ಮೊದಲನೇ ಅನುಸೂಚಿಯಲ್ಲಿ ಬಂದರು ಮತ್ತು ಹಡಗು ಸಂಚಾರದ ಸುರಕ್ಷತೆಯೂ ಸೇರಿದೆ. ಅಮೆರಿಕ 1998ರಲ್ಲಿ ಕರಾವಳಿ ಕೇಂದ್ರಗಳ ಸಾರ್ವಜನಿಕ ಕರೆಗಳಿಗಿದ್ದ ವಿಎಚ್‌ಎಫ್ ಚಾನೆಲ್‌ಗಳನ್ನು ಹರಾಜು ಹಾಕಿತು. ಹಡಗುಗಳು ತಮ್ಮ ಸ್ಥಾನವನ್ನು ತಾವೇ ಸಾರುವ ಎಐಎಸ್ ವ್ಯವಸ್ಥೆಗೆ ಆಮೇಲೆ ಅದೇ ಗುಂಪಿನ 161.975 ಮೆಗಾಹರ್ಟ್ಸ್ ಬೇಕಾಯಿತು. ಹರಾಜಿನಲ್ಲಿ ಕೊಂಡವರೊಡನೆ ಎದ್ದ ತಕರಾರು ಇತ್ಯರ್ಥವಾಗಿ ಆ ಚಾನೆಲ್ ಎಐಎಸ್‌ಗೆ ಮೀಸಲಾಗಲು 2006ರವರೆಗೆ ಕಾಯಬೇಕಾಯಿತು. ಮಾರಿದ್ದನ್ನು ಮರಳಿ ಪಡೆಯುವುದು ಸುಲಭವಲ್ಲ.

ಕಡಲು ನಿಮ್ಮ ಊರಿನಿಂದ ದೂರವಿರಬಹುದು. ಆದರೆ ಭಾರತದ ಸುತ್ತಲಿನ ಕಡಲಿನಲ್ಲಿ 406 ಮೆಗಾಹರ್ಟ್ಸ್‌ನ ಅಪಾಯ ಸೂಚಕ ಉಪಕರಣ ಕೂಗಿದರೆ ಉಪಗ್ರಹದ ಮೂಲಕ ಆ ಕೂಗು ಮೊದಲು ಬಂದು ಸೇರುವುದು ಬೆಂಗಳೂರಿನಲ್ಲಿರುವ ಇಸ್ರೊದ ನಿಯಂತ್ರಣ ಕೇಂದ್ರಕ್ಕೆ.

ಪ್ರಶ್ನೆ: ಹಳೆಯ ಬೋಟು ಕೊಂಡಿದ್ದೇನೆ. ಅದರ ವಯರ್‌ಲೆಸ್‌ನಲ್ಲಿ 419ರಿಂದ ಆರಂಭವಾಗುವ ಒಂದು ಸಂಖ್ಯೆಯಿದೆ. ಹಾಗೆಯೇ ಇರಲಿ ಬಿಡಬಹುದೇ?
— ತಂಡೇಲರು, ಗಂಗೊಳ್ಳಿ

ಉತ್ತರ: ಬಿಡಬೇಡಿ. ಅದು ಎಂಎಂಎಸ್‌ಐ, ಒಂಬತ್ತು ಅಂಕಿಗಳ ಗುರುತು ಸಂಖ್ಯೆ. ಮೊದಲ ಮೂರು ಅಂಕಿ 419 ಎಂದರೆ ಭಾರತದ್ದು. ಕೆಂಪು ಗುಂಡಿ ಒತ್ತಿದಾಗ ನಿಮ್ಮ ಸೆಟ್ಟು ಆ ಸಂಖ್ಯೆಯನ್ನು ಕಳುಹಿಸುತ್ತದೆ. ಜಿಪಿಎಸ್ ಜೋಡಿಸಿದ್ದರೆ ನೀವಿರುವ ಸ್ಥಾನವನ್ನೂ ಕಳುಹಿಸುತ್ತದೆ. ಕರಾವಳಿ ರಕ್ಷಣಾ ಪಡೆಯವರು ಸಂಖ್ಯೆ ನೋಡಿ ದಾಖಲೆ ತೆಗೆದಾಗ ಹಳೆಯ ಮಾಲೀಕರ ಹೆಸರು, ಹಳೆಯ ಫೋನು ಸಿಕ್ಕರೆ ಏನಾಗುತ್ತದೆ? ಅವರು ಮನೆಯಲ್ಲಿ ಕುಳಿತು, ನನ್ನ ಬೋಟು ಮಾರಿದ್ದೇನೆ, ನನಗೇನೂ ತಿಳಿಯದು ಎನ್ನುತ್ತಾರೆ. ಬೋಟಿನಲ್ಲಿ ಎಷ್ಟು ಜನರಿದ್ದಾರೆ, ಯಾವ ಕಡೆ ಹೋಗಿದ್ದಾರೆ ಎಂದು ಹೇಳುವವರು ಯಾರೂ ಇರುವುದಿಲ್ಲ. ಆರ್‌ಸಿ ವರ್ಗಾವಣೆಯ ಜೊತೆಗೇ ಪರವಾನಗಿಯನ್ನೂ ಸಂಖ್ಯೆಯ ದಾಖಲೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಸಂಖ್ಯೆಯನ್ನೇ ಬದಲಿಸಬೇಕಾಗಿ ಬಂದರೆ ಎಷ್ಟೋ ಸೆಟ್ಟುಗಳಲ್ಲಿ ಅದನ್ನು ಮಾರಾಟಗಾರರೇ ಮಾಡಿಕೊಡಬೇಕಾಗುತ್ತದೆ.

ಇಲ್ಲಿ ಸರ್ಕಾರಕ್ಕೂ ಒಂದು ಮಾತು ಹೇಳಬೇಕು. ಅರ್ಜಿಯ ಕ್ರಮ ಕಚೇರಿ, ಗುಮಾಸ್ತರು ಇರುವ ಹಡಗು ಕಂಪನಿಗಳಿಗೆ ಹೊಂದುವಂಥದ್ದು. ಹತ್ತು ದಿನ ಕಡಲಿನಲ್ಲಿದ್ದು ಎರಡು ದಿನ ದಡಕ್ಕೆ ಬರುವ ತಂಡೇಲರು ಇಂಗ್ಲಿಷ್ ನಮೂನೆ ತುಂಬುತ್ತಾ ಕೂರಲಾರರು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ಬೋಟುಗಳೆಲ್ಲ ದಡದಲ್ಲಿರುತ್ತವೆ. ಆ ಎರಡು ತಿಂಗಳಿನಲ್ಲಿ ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ಬಂದರುಗಳಲ್ಲಿ ಮೇಜು ಹಾಕಿ ಕನ್ನಡದಲ್ಲಿ ಅರ್ಜಿ ಬರೆಸಿಕೊಂಡು, ಸೆಟ್ಟು ಪರೀಕ್ಷಿಸಿ, ಸಂಖ್ಯೆ ಕೊಟ್ಟು ಕಳುಹಿಸಬಹುದು. ನಿಯಮ ಸರಿಯಾಗಿದೆ ಎಂದು ವಾದಿಸುವ ನನ್ನಂಥವರು ಇದನ್ನೂ ಗಟ್ಟಿಯಾಗಿ ಕೇಳಬೇಕು.

ಪ್ರಶ್ನೆ: ಬಲೆ ಎಲ್ಲಿದೆಯೆಂದು ತಿಳಿಯಲು ಅದಕ್ಕೆ ಕಟ್ಟುವ ಎಐಎಸ್ ಬುರುಡೆ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬಹುದೇ?
— ಮೀನುಗಾರರು, ಕಾರವಾರ

ಉತ್ತರ: ಬೇಡ. 161.975 ಮತ್ತು 162.025 ಮೆಗಾಹರ್ಟ್ಸ್ ಹಡಗುಗಳ ಎಐಎಸ್‌ಗೆ ಮೀಸಲು. ನಿಮ್ಮ ಬಲೆ ಅಲ್ಲಿ ಕೂಗತೊಡಗಿದರೆ ದೊಡ್ಡ ಹಡಗಿನ ಪರದೆಯಲ್ಲಿ ಅದು ಬೋಟಿನಂತೆ ಕಾಣುತ್ತದೆ. ಬಲೆಗಳ ಸಾಲಿನ ನಡುವೆ ನಿಜವಾದ ಬೋಟು ಯಾವುದೆಂದು ರಾತ್ರಿ ಪಾಳಿಯ ಅಧಿಕಾರಿಗೆ ಗೊತ್ತಾಗದು, ಮತ್ತು ಆ ಬೋಟು ನಿಮ್ಮದೇ ಆಗಿರಬಹುದು. ಇಂಥ ಉಪಕರಣಗಳಿಗೆಂದು 2019ರ ವಿಶ್ವ ರೇಡಿಯೊ ಸಮ್ಮೇಳನ 160.9 ಮೆಗಾಹರ್ಟ್ಸ್ ಗುರುತಿಸಿದೆ. ಅಂಥದ್ದನ್ನಾದರೂ ಇಲ್ಲಿ ಅನುಮತಿಯಿದೆಯೇ ಎಂದು ವಿಚಾರಿಸಿಯೇ ಕೊಳ್ಳಿ.

ಪ್ರಶ್ನೆ: ಮಗ ಬೋಟಿಗೆ ಹೋಗುತ್ತಾನೆ. ಮೊಬೈಲ್ ಇದೆ, 1554 ಗೊತ್ತಿದೆ. ಅಷ್ಟು ಸಾಲದೇ?
— ಒಬ್ಬ ತಾಯಿ, ಉಳ್ಳಾಲ

ಉತ್ತರ: ಕರಾವಳಿ ರಕ್ಷಣಾ ಪಡೆಯ 1554 ಬಾಯಿಪಾಠವಾಗಿರಲಿ ಅಮ್ಮ, ಆದರೆ ಅದೊಂದನ್ನೇ ನೆಚ್ಚಬೇಡಿ. ಆಳಸಮುದ್ರದಲ್ಲಿ ಮೊಬೈಲ್ ಗೋಪುರದ ಸಂಕೇತ ಸಿಗುವುದಿಲ್ಲ. ಸಿಕ್ಕರೂ ಫೋನಿನ ಮಾತು ಒಬ್ಬರಿಗೇ ಮುಟ್ಟುತ್ತದೆ. ಚಾನೆಲ್ 16ರ ಕೂಗನ್ನು ಸುತ್ತಲಿನ ಎಂಟು ಹತ್ತು ಮೈಲಿನ ಬೋಟುಗಳೆಲ್ಲ ಕೇಳುತ್ತವೆ, ಮೊದಲು ಕೈ ಹಿಡಿಯುವವರೂ ಅವರೇ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮಂದಿಯೊಡನೆ ಹೊರಟ ಸುವರ್ಣ ತ್ರಿಭುಜ ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಿನಲ್ಲಿ. ಅಷ್ಟು ತಿಂಗಳು ಆ ಮನೆಗಳು ಹೇಗೆ ಕಾದವೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಬೋಟಿನಲ್ಲಿ ಇಸ್ರೊದ ಅಪಾಯ ಸೂಚಕ ಉಪಕರಣ ಇದೆಯೇ, ಅದರ ಬ್ಯಾಟರಿಯ ಅವಧಿ ಮುಗಿದಿಲ್ಲವೇ ಎಂದು ಮಾಲೀಕರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ನಿಮ್ಮಂತೆ ರೇಡಿಯೊ ಅಧಿಕಾರಿ ಆಗಬೇಕೆಂಬ ಆಸೆ. ಏನು ಓದಲಿ?
— ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ನಿನ್ನ ಆಸೆ ಕಂಡು ಸಂತೋಷವಾಯಿತು ಮಗಳೇ. ಆದರೆ 1999ರ ಫೆಬ್ರುವರಿ 1ರಿಂದ ಜಿಎಂಡಿಎಸ್‌ಎಸ್ ಎಂಬ, ಕಡಲಿನ ಅಪಾಯ ಸಂಪರ್ಕದ ಜಾಗತಿಕ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದ ಮೇಲೆ ಸರಕು ಹಡಗುಗಳಲ್ಲಿ ರೇಡಿಯೊಗೆಂದೇ ಬೇರೆ ಅಧಿಕಾರಿ ಉಳಿದಿಲ್ಲ. ಈಗ ಹಡಗು ನಡೆಸುವ ಡೆಕ್ ಅಧಿಕಾರಿಗಳೇ ಆ ವ್ಯವಸ್ಥೆಯ ಪ್ರಮಾಣಪತ್ರ ಪಡೆದು ಕೆಲಸ ನಿಭಾಯಿಸುತ್ತಾರೆ. ಆದ್ದರಿಂದ ರೇಡಿಯೊ ಒಂದನ್ನೇ ಕಲಿಸುತ್ತೇವೆ, ಹಡಗಿನಲ್ಲಿ ಕೆಲಸ ಖಚಿತ ಎನ್ನುವವರಿಗೆ ಹಣ ಕಟ್ಟಬೇಡ. ನೌಕಾಯಾನ ವಿಜ್ಞಾನದ ಪದವಿಗೆ ಪ್ರಯತ್ನಿಸು. ಭೌತಶಾಸ್ತ್ರ, ಗಣಿತ ಗಟ್ಟಿಯಿರಲಿ. ಕಡಲಿಗೆ ಹೋಗುವ ಮನಸ್ಸಿಲ್ಲದಿದ್ದರೆ ಎಲೆಕ್ಟ್ರಾನಿಕ್ಸ್ ಓದಿ ಬಂದರುಗಳ ಹಡಗು ಸಂಚಾರ ನಿಯಂತ್ರಣಕ್ಕೋ ಕರಾವಳಿ ರಕ್ಷಣಾ ಪಡೆಗೋ ಡಬ್ಲ್ಯುಪಿಸಿ ವಿಭಾಗಕ್ಕೋ ಸೇರಲು ನೋಡು. ಪರವಾನಗಿ ಕೊಡುವ ಕಚೇರಿಯಲ್ಲಿ ಹೊನ್ನಾವರದ ಅಳಿವೆಯನ್ನು ಕಣ್ಣಾರೆ ಕಂಡವರು ಒಬ್ಬರಾದರೂ ಇರಬೇಕೆಂಬುದು ನನ್ನ ಬಹುದಿನಗಳ ಆಸೆ. ಪಿಯುಸಿ ಫಲಿತಾಂಶ ಬಂದ ಮೇಲೆ ಪತ್ರಿಕೆಯ ವಿಳಾಸಕ್ಕೆ ಬರೆ, ಪ್ರವೇಶ ಪರೀಕ್ಷೆಗಳ ವಿವರ ಕಳುಹಿಸುತ್ತೇನೆ.