ಮನೆ ಮಂದಿ ಮುಂದೆ ಅಂದ ‘ಹ್ಞೂ’

ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಆಕೆಯನ್ನು ಶಾಂತವ್ವ ಅನ್ನೋಣ. ವಯಸ್ಸು 33, ಜಮಖಂಡಿ ಕಡೆಯ ಹಳ್ಳಿ, ಇಬ್ಬರು ಹೆಣ್ಣುಮಕ್ಕಳು. ಗಂಡನಿಗೆ ಎರಡೂ ಕಿಡ್ನಿ ಕೆಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ತಾಸು. ಕಸಿ ಮಾಡಿಸೋದು ಅಂತ ಮನೆಯಲ್ಲಿ ನಿಶ್ಚಯವಾಯಿತು. ಅತ್ತೆಗೆ ಸಕ್ಕರೆ ಕಾಯಿಲೆ, ಅವರು ಕೊಡುವಂತಿಲ್ಲ. ಹಾಗಾದರೆ ಹೆಂಡತಿಯೇ ಕೊಡಬೇಕು ಅಂದರು. ಮೈದುನ ಗಟ್ಟಿಮುಟ್ಟಾಗಿದ್ದ. ಅವನ ಹೆಸರನ್ನು ಮಾತ್ರ ಯಾರೂ ಎತ್ತಿರಲಿಲ್ಲ.

“ಅಂವ ದುಡಿಯೋ ಗಂಡಸು ಅಲ್ರೀ” ಅಂದರು ಅತ್ತೆ. ಶಾಂತವ್ವ ದಿನಾ ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಅದು ದುಡಿಮೆಯ ಲೆಕ್ಕಕ್ಕೆ ಬಂದಿರಲಿಲ್ಲ.

ವಿಜಯಪುರದಲ್ಲಿ ದಾನಕ್ಕೆ ಮುಂಚಿನ ಆಪ್ತಸಮಾಲೋಚನೆಗೆ ಅಂತ ನನ್ನ ಎದುರು ಇಡೀ ಮನೆಯೇ ಕೂತಿತ್ತು. ನಾನು ಶಾಂತವ್ವನನ್ನು ಕೇಳಿದರೆ ನಾದಿನಿ ಉತ್ತರ ಕೊಡುತ್ತಿದ್ದಳು. “ಆಕೀದೇನೂ ತಕರಾರಿಲ್ಲ ಬಿಡ್ರಿ, ಹ್ಞೂ ಅಂದಾಳ.” ನಿನ್ನ ರಕ್ತದ ಗುಂಪು ಯಾವುದವ್ವಾ ಅಂದರೆ ಆಕೆ ಮೈದುನನ ಕಡೆ ನೋಡಿದರು. ಆಕೆಯ ರಿಪೋರ್ಟಿನ ಫೈಲು ಅವನ ತೊಡೆ ಮೇಲಿತ್ತು. ಚಹಾ ಕುಡಿದು ಬನ್ನಿ ಅಂತ ಉಳಿದವರನ್ನೆಲ್ಲ ಹೊರಗೆ ಕಳಿಸಿದೆ.

“ಒಲ್ಲೆ ಅಂದ್ರ ಗಂಡನ್ನ ಕೊಂದಾಕಿ ಅಂತಾರ್ರೀ ಅಕ್ಕಾರ. ಕೊಟ್ಟು ನನಗ ಏನರ ಆದ್ರ ಹುಡಿಗ್ಯಾರನ್ನ ಯಾರು ನೋಡ್ತಾರ?” ಆಮೇಲೆ ದನಿ ತಗ್ಗಿಸಿ, “ಡಾಕ್ಟರ್‌ಗ ಹೇಳಿ ನನಗ ಬಿಪಿ ಐತಿ ಅಂತ ಬರಸ್ರಿ” ಅಂದರು.

ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಗಸರು ಜಾಸ್ತಿ, ಪಡೆಯುವವರಲ್ಲಿ ಗಂಡಸರು ಜಾಸ್ತಿ. ಕಾನೂನಿಗೂ ಇದು ಗೊತ್ತು. 1994ರ ಅಂಗಾಂಗ ಕಸಿ ಕಾಯ್ದೆಯಡಿ ಬಂದ 2014ರ ನಿಯಮಗಳು, ದಾನಿ ಹೆಂಗಸಾಗಿದ್ದರೆ ಹೆಚ್ಚು ಎಚ್ಚರ ಬೇಕು ಅನ್ನುತ್ತವೆ. ಆಕೆ ಮನಸಾರೆ ಒಪ್ಪಿದ್ದಾಳೆ ಅನ್ನುವುದನ್ನು ಅಂಗ ಪಡೆಯುವವರಲ್ಲದೆ ಬೇರೆಯವರು ಖಚಿತಪಡಿಸಬೇಕು. ಮನೆ ಮಂದಿ ಮುಂದೆ ಅಂದ ‘ಹ್ಞೂ’ ಅದಕ್ಕೆ ಸಾಲದು.

ಸುಳ್ಳು ಬಿಪಿ ಬರೆಸಲ್ಲ ಅಂತ ನೇರವಾಗಿಯೇ ಹೇಳಿದೆ. ನಾಳೆ ಇನ್ನೊಬ್ಬ ಡಾಕ್ಟರು ಅದೇ ಕಾಗದ ನೋಡಿ ಇಲ್ಲದ ರೋಗಕ್ಕೆ ಗುಳಿಗೆ ಕೊಟ್ಟರೆ? ಆದರೆ ದಾರಿ ಇದೆ. ದಾನಿಯ ರಿಪೋರ್ಟು ದಾನಿಯ ಸ್ವಂತದ್ದು. ಕಾರಣ ಹೇಳದೆ, “ಇವರಿಂದ ತೆಗೆದುಕೊಳ್ಳಲು ಬರುವುದಿಲ್ಲ” ಎಂದಷ್ಟೇ ಡಾಕ್ಟರು ಮನೆಯವರಿಗೆ ತಿಳಿಸಬಹುದು. ಮನಸ್ಸಿಲ್ಲದವರಿಂದ ತೆಗೆಯಲು ಬರುವುದಿಲ್ಲ ಅನ್ನುವುದು ಸುಳ್ಳೇನಲ್ಲ ಅಲ್ವಾ? ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಿಂತು ಕೂಡ ಬೇಡ ಅನ್ನಬಹುದು.

ಹೆದರಿಸಿ ಬಿಡಿಸುವುದೂ ತಪ್ಪು. ಹಾಗಾಗಿ ವೈದ್ಯಕೀಯ ಸಂಗತಿಯನ್ನೂ ಹೇಳಿದೆ. ಪೂರ್ತಿ ತಪಾಸಣೆ ಮಾಡಿ ಆರಿಸಿದ ದಾನಿಗಳು ಸಾಮಾನ್ಯವಾಗಿ ಒಂದೇ ಕಿಡ್ನಿಯಲ್ಲಿ ಚೆನ್ನಾಗಿರುತ್ತಾರೆ. ಕೆಲವು ವಾರ ಭಾರ ಎತ್ತುವಂತಿಲ್ಲ, ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) ನೋಡಿಸಬೇಕು. ಮುಂದೆ ಬಸುರಾದರೆ ಬಿಪಿ ಏರುವ ಸಂಭವ ಸ್ವಲ್ಪ ಜಾಸ್ತಿ. ಇದನ್ನು ಕೇಳಿ ಶಾಂತವ್ವ ತಲೆ ಎತ್ತಿದರು. ಇದೇ ಅತ್ತೆ ಗಂಡುಮಗು ಬೇಕು ಅಂತಲೂ ಹಟ ಹಿಡಿದಿದ್ದರು! ಎರಡನ್ನೂ ಒಂದೇ ಮೈಯಿಂದ ಕೇಳುತ್ತಿದ್ದೇವೆ ಅನ್ನುವುದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಗಂಡನ ಜತೆ ಬೇರೆಯಾಗಿ ಮಾತಾಡಿದೆ. ಮೃತ ದಾನಿಯ ಕಿಡ್ನಿಗಾಗಿ, ಅಂಥ ಅಂಗಗಳನ್ನು ಸರದಿ ಪ್ರಕಾರ ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಲು ಆಸ್ಪತ್ರೆಯಲ್ಲಿ ಕೇಳಿ ಅಂದೆ. ಸರದಿ ಯಾವಾಗ ಬರುತ್ತದೋ ಹೇಳಲಾಗದು, ಅಲ್ಲಿಯವರೆಗೆ ಡಯಾಲಿಸಿಸ್ ತಪ್ಪಿಸಬೇಡಿ. ಮನೆಯವರ ರಕ್ತದ ಗುಂಪು ಹೊಂದದಿದ್ದರೆ ಇನ್ನೊಂದು ಕುಟುಂಬದ ಜತೆ ಅದಲುಬದಲು ಮಾಡಿಕೊಳ್ಳಲೂ ಕಾನೂನಿನಲ್ಲಿ ಅವಕಾಶ ಇದೆ. ಹೆಂಡತಿಗೆ ಯೋಚಿಸಲು ಸಮಯ ಬೇಕಂತೆ ಅಂದಾಗ ಅವರು ತುಸು ಹೊತ್ತು ಸುಮ್ನಿದ್ದು, “ನನಗೂ ಕೇಳಾಕ ಮನಸ್ಸಿರಲಿಲ್ರಿ. ಅವ್ವ ಹೇಳಿದ್ಲು” ಅಂದರು.

ಮುಂದಿನ ಸಲ ಮೈದುನನೂ ರಕ್ತ ಕೊಟ್ಟ. ಗುಂಪು ಹೊಂದಿತು. ಅತ್ತೆಯ ಮುಖ ಕಪ್ಪಿಟ್ಟಿತು, ಶಾಂತವ್ವ ಸಮಾಧಾನದ ಉಸಿರು ಬಿಟ್ಟರು. ನಾನು ಮತ್ತೆ ಎಲ್ಲರನ್ನೂ ಹೊರಗೆ ಕಳಿಸಿ, ಈ ಸಲ ಅವನೊಬ್ಬನನ್ನೇ ಕೂರಿಸಿಕೊಂಡೆ. ಆ ಮಾತುಗಳನ್ನೆಲ್ಲ ಅವನಿಗೂ ಹೇಳಬೇಕಿತ್ತು, ಬೇಡ ಅನ್ನಬಹುದು ಅನ್ನುವುದನ್ನೂ ಸೇರಿಸಿ.