ಓದುಗರ ಪ್ರಶ್ನೆ: ಬೀಟಾ ಯಾವ ಫೋನಿಗೆ ಹಾಕ್ಬೇಕು, ಯಾವುದಕ್ಕ ಬ್ಯಾಡ

ಪ್ರಶ್ನೆ: ಅಣ್ಣಾರ ನಮಸ್ಕಾರ, ಸಿಂಧನೂರಾಗ ಮೊಬೈಲ್ ರಿಪೇರಿ ಅಂಗಡಿ ಇಟ್ಟೀನಿ. ಹೊಸ ಆಂಡ್ರಾಯ್ಡ್ ಎಲ್ಲರಿಗೂ ಬರೋಕಿಂತ ಮೊದ್ಲ ಯೂಟ್ಯೂಬಿನ್ಯಾಗ ಕೆಲವರು ಹಾಕ್ಕೊಂಡು ತೋರಿಸ್ತಾರಲ್ಲ, ಅವರಿಗೆ ಹೆಂಗ ಸಿಗ್ತೈತಿ? ಒಂದು ಗ್ರೂಪ್‌ನ್ಯಾಗ ಒಬ್ಬಾತ 499 ರೂಪಾಯಿ ಹಾಕಿದ್ರ ಅರ್ಲಿ ಆಕ್ಸೆಸ್ ಕೊಡಿಸ್ತೀನಿ ಅಂತಾನ, ಕೊಡ್ಲೋ ಬ್ಯಾಡೋ?

ಉತ್ತರ: ಕೊಡಬ್ಯಾಡ ತಮ್ಮಾ, ಒಂದು ರೂಪಾಯಿನೂ ಕೊಡಬ್ಯಾಡ. ಎಲ್ಲರಿಗೂ ಬಿಡೋಕಿಂತ ಮೊದ್ಲ ಪರೀಕ್ಷಾ ಮಾಡಾಕ ಕೊಡೋ ಆವೃತ್ತಿಗೆ ಬೀಟಾ ಅಂತಾರ, ಖರೇ ಬೀಟಾಕ್ಕ ಯಾರೂ ದುಡ್ಡು ಕೇಳಂಗಿಲ್ಲ. ಗೂಗಲ್‌ನವರ ಪಿಕ್ಸೆಲ್ ಫೋನ್ ಇದ್ರ ಅವರ ಆಂಡ್ರಾಯ್ಡ್ ಬೀಟಾ ಪೇಜಿಗೆ ಹೋಗಿ ಆ ಫೋನಿನ್ಯಾಗಿರೋ ಅಕೌಂಟ್‌ನಿಂದನ ಲಾಗಿನ್ ಆಗು, ನಿನ್ನ ಫೋನ್ ಅಲ್ಲೇ ಕಾಣ್ತೈತಿ, ಸೇರ್ತೀನಿ ಅಂತ ಒತ್ತಿದ್ರ ಆತು, ಮಾಮೂಲಿ ಬರೋ ಅಪ್‌ಡೇಟ್ ಹಂಗ ಅದೂ ಬರ್ತೈತಿ. ಸ್ಯಾಮ್‌ಸಂಗ್‌ನವರು ತಮ್ಮ ಮೆಂಬರ್ಸ್ ಆ್ಯಪಿನ್ಯಾಗ ಕರೀತಾರ, ಆದ್ರ ಆಯ್ದ ಕೆಲವು ಮಾಡೆಲ್‌ಗಷ್ಟ. ಐಫೋನಿಗೆ 2015ರಿಂದ ಯಾರು ಬೇಕಾದ್ರೂ ಸೇರೋ ಪಬ್ಲಿಕ್ ಬೀಟಾ ಐತಿ, ಆ್ಯಪ್ ಮಾಡೋರಿಗಿರೋ ಡೆವಲಪರ್ ಬೀಟಾಕ್ಕ ಮೊದ್ಲು ವರ್ಷಕ್ಕ 99 ಡಾಲರ್ ಮೆಂಬರ್‌ಶಿಪ್ ಬೇಕಿತ್ತು, 2023ರಿಂದ ಅದೂ ಫ್ರೀ ಆಗೇತಿ. ಹಿಂಗಿರಬೇಕಾದ್ರ ಆ 499 ಯಾತಕ್ಕಂತ ನೀನ ವಿಚಾರ ಮಾಡು. ಅಂಥವ್ರು ಕಳಿಸೋ ಎಪಿಕೆ, ಅಂದ್ರ ಪ್ಲೇ ಸ್ಟೋರ್ ಬಿಟ್ಟು ಹೊರಗಿಂದ ಆ್ಯಪ್ ಹಾಕೋ ಫೈಲ್ ಒತ್ತಿದ್ರ ನಿನ್ನ ಎಸ್ಸೆಮ್ಮೆಸ್, ಒಟಿಪಿ ಎಲ್ಲಾ ಅವರ ಕೈಗೆ ಹೋಗೋ ಸಾಧ್ಯತಾ ಐತಿ. ದುಡ್ಡು ಈಗಾಗ್ಲೇ ಹೋಗಿದ್ರ ತಡಾ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ಚು.

ಸಿಗೋದು ಸುಲಭ, ಯಾವ ಫೋನಿಗೆ ಹಾಕ್ತೀ ಅನ್ನೋದ ದೊಡ್ಡ ಮಾತು. ನಾನು ಒಂದ್ಸಲ ಇದ್ದ ಒಂದೇ ಫೋನಿಗೆ ಬೀಟಾ ಹಾಕ್ಕೊಂಡಿದ್ದೆ. ಮರುವಾರ ಅವ್ವನ್ನ ಕರ್ಕೊಂಡು ಕೊಪ್ಪಳಕ್ಕ ದವಾಖಾನಿಗೆ ಹೋದೆ, ಔಷಧ ಅಂಗಡ್ಯಾಗ ದುಡ್ಡು ಕೊಡಾಕ ಹೋದ್ರ ಬ್ಯಾಂಕಿನ ಆ್ಯಪ್ ತೆಗೀಲೇ ಇಲ್ಲ, ಈ ಫೋನ್ ಸುರಕ್ಷಿತ ಅಲ್ಲ ಅಂತ ತೋರಿಸ್ತು, ಜೇಬಿನ್ಯಾಗ ನೋಟೂ ಇರ್ಲಿಲ್ಲ, ಅವ್ವ ಬಿಸಿಲಾಗ ನಿಂತಿದ್ಲು. ಪರಿಚಯದೋರೊಬ್ರು ಸಿಕ್ಕು ದುಡ್ಡು ಕೊಟ್ರು. ಹೊಸ ಓಎಸ್, ಅಂದ್ರ ಫೋನ್ ನಡೆಸೋ ಆಂಡ್ರಾಯ್ಡ್, ಐಓಎಸ್‌ನಂಥ ತಂತ್ರಾಂಶ, ಬಂದಾಗ ಬ್ಯಾಂಕ್ ಆ್ಯಪ್‌ಗಳು ಅದನ್ನ ನಂಬಾಕ ಟೈಮ್ ತಗೋತಾವ, ಅದು ಅವರ ತಪ್ಪೂ ಅಲ್ಲ. ಅದಕ್ಕ ಹೇಳ್ತೀನಿ, ಕ್ಯೂಆರ್ ದುಡ್ಡು ಬಂದು ಬೀಳೋ ಅಂಗಡಿ ಫೋನಿಗೆ ಮಾತ್ರ ಬ್ಯಾಡ. ನಿನ್ನ ಹತ್ರ ರಿಪೇರಿ ಆದ ಎರಡನೇ ಫೋನ್ ಇರ್ತಾವಲ್ಲ, ಬೀಟಾ ಸಿಗೋ ಮಾಡೆಲ್ ಒಂದಿದ್ರ ಅದಕ್ಕ ಹಾಕು. ಗಿರಾಕಿ ಫೋನಿಗೆ ಅವರು ಕೇಳಿದ್ರೂ ಹಾಕಬ್ಯಾಡ.

ಇನ್ನೊಂದು, ಆಂಡ್ರಾಯ್ಡ್ ಬೀಟಾ ಹಾಕಿ ನಡುವ ಬ್ಯಾಡಾಗಿ ಹಳೇದಕ್ಕ ವಾಪಸ್ ಹೋದ್ರ ಫೋನ್ ಪೂರ್ತಿ ಖಾಲಿ ಆಗ್ತೈತಿ, ಅದಕ್ಕ ಫೋಟೋ, ನಂಬರ್ ಮೊದ್ಲ ಬ್ಯಾಕಪ್ ತಗೊ. ಐಫೋನಿನ್ಯಾಗ ಬೀಟಾ ಮ್ಯಾಲ ತಗೊಂಡ ಬ್ಯಾಕಪ್ ಹಳೇ ಐಓಎಸ್‌ಗೆ ಕೂಡಂಗಿಲ್ಲ, ಹಂಗಾಗಿ ಹಾಕೋಕಿಂತ ಮೊದ್ಲಿಂದು ಬೇರೆ ಇಟ್ಕೊ. ಬೀಟಾ ಬ್ಯಾಟರಿನೂ ಜಾಸ್ತಿ ತಿಂತೈತಿ, ಫೋನ್ ಬಿಸಿನೂ ಆಗ್ತೈತಿ, ನಮ್ಮ ರಾಯಚೂರು ಕಡೆ ಏಪ್ರಿಲ್ ಮೇದಾಗ 42 ಡಿಗ್ರಿ ಬಿಸಿಲಿರಬೇಕಾದ್ರ ಅದು ಸಣ್ಣ ವಿಷಯ ಅಲ್ಲ.

ಬರೇ ಬ್ರೌಸರ್ ನೋಡೋದಾದ್ರ ಕ್ರೋಮ್‌ನ ಪರೀಕ್ಷಾ ಆವೃತ್ತಿ ಕ್ರೋಮ್ ಕ್ಯಾನರಿ ಹಾಕು, ಮಾಮೂಲಿ ಕ್ರೋಮ್ ಪಕ್ಕದಾಗನ ಕುಂದರ್ತೈತಿ, ಏನೂ ಕೆಡಂಗಿಲ್ಲ. ಕ್ಯಾನರಿ ಅಂದ್ರ ಹಿಂದ ಕಲ್ಲಿದ್ದಲ ಗಣಿಯೊಳಗ ಒಯ್ತಿದ್ದ ಹಕ್ಕಿ, ವಿಷಗಾಳಿ ಬಂದ್ರ ಮನುಷ್ಯಾಗಿಂತ ಮೊದ್ಲ ಅದಕ್ಕ ಗೊತ್ತಾಗ್ತಿತ್ತು. ಹಟ್ಟಿ ಗಣಿ ಇರೋ ಜಿಲ್ಲೆಯವ ನೀನು, ಟೆಸ್ಟರ್ ಕೆಲಸ ಏನಂತ ಬೇರೆ ಹೇಳ್ಬೇಕಿಲ್ಲ.

ಬೀಟಾ ಹಾಕ್ಕೊಂಡ ಮ್ಯಾಲ ತಪ್ಪು ಕಂಡ್ರ ಅದನ್ನ ಮಾಡಿದ ಕಂಪನಿಗೆ ಬರದು ಕಳಿಸು, ನನಗ ಬಾಳ ಬೇಕಾಗಿದ್ದು ಇದು. ಕೀಬೋರ್ಡಿನ್ಯಾಗ ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ವೈಶಿಷ್ಟ್ಯ ಟೈಪ್ ಮಾಡಿ ಒತ್ತಕ್ಷರ ಒಡೀತಾವೇನು ನೋಡು, ಸೂರ್ಯ ಅಂತ ಬರದಾಗ ಅರ್ಕಾವತ್ತು ಏನಾಗ್ತೈತಿ ನೋಡು, ಮೆನುನ್ಯಾಗ ಕನ್ನಡ ಅಕ್ಷರದ ತಳ ಕತ್ತರಿಸಿ ಹೋಗೇತೇನು ನೋಡು. ವಾಯ್ಸ್ ಟೈಪಿಂಗ್‌ಗೆ ನಮ್ಮ ಮಾತಿನ್ಯಾಗನ ಹೇಳು, ಐತಿ, ಹೋಗಾಕ, ಬ್ಯಾಡ ಅಂದ್ರ ಏನು ಬರೀತೈತಿ ಅಂತ. ಏನು ಒತ್ತಿದೆ, ಏನು ಬರಬೇಕಿತ್ತು, ಏನು ಬಂತು, ಯಾವ ವರ್ಷನ್, ಇಷ್ಟು ಬರದು ಸ್ಕ್ರೀನ್‌ಶಾಟ್ ಹಚ್ಚಿದ್ರ ಇಂಜಿನಿಯರಿಗೆ ತಿಳೀತೈತಿ. ಬೀಟಾದಾಗ ಯಾರೂ ಹೇಳ್ಲಿಲ್ಲಂದ್ರ ಅದ ತಪ್ಪು ನಮ್ಮ ಊರಿನ ಎಲ್ಲಾ ಫೋನಿಗೂ ಬರ್ತೈತಿ.

ಪ್ರಶ್ನೆ: ಸರ್, ನಾನು ಬಳ್ಳಾರಿಯಲ್ಲಿ ಬಿಸಿಎ ಓದ್ತಿದೀನಿ. ವಾಟ್ಸಾಪ್ ಬೀಟಾ ಯಾವಾಗ ನೋಡಿದ್ರೂ ಫುಲ್ ಅಂತ ಬರುತ್ತೆ, ಬೇರೆ ದಾರಿ ಇದೆಯಾ?

ಉತ್ತರ: ಇಲ್ಲವ್ವ, ಪ್ಲೇ ಸ್ಟೋರಿನ್ಯಾಗ ಅದರ ಪೇಜ್ ಕೆಳಗ ಆಗಾಗ ನೋಡ್ತಿರೋದ, ಯಾರಾದ್ರೂ ಬಿಟ್ರ ಸೀಟ್ ಖಾಲಿ ಆಗ್ತಾವ. ಹೊರಗಿನ ಎಪಿಕೆಗೆ ಹೋಗಬ್ಯಾಡ. ಐಫೋನಿನ್ಯಾಗ ಬೀಟಾ ಆ್ಯಪ್ ಹಾಕೋ ಟೆಸ್ಟ್‌ಫ್ಲೈಟಿನ್ಯಾಗೂ ಹಿಂಗ, ಒಂದು ಆ್ಯಪಿಗೆ ಹೊರಗಿನ ಟೆಸ್ಟರ್‌ಗಳು 10,000 ಮಂದಿ ಅಷ್ಟ, ಒಂದೊಂದು ಬಿಲ್ಡ್, ಅಂದ್ರ ಟೆಸ್ಟಿಗೆ ಬಿಟ್ಟ ಒಂದೊಂದು ಆವೃತ್ತಿ, 90 ದಿನಕ್ಕ ಮುಗೀತೈತಿ. ಬಿಸಿಎ ಅಂದ್ಯಲ್ಲ, ವಾಟ್ಸಾಪ್ ಒಂದ ಯಾಕ, ಸಣ್ಣ ಆ್ಯಪ್ ಮಾಡೋರು ಟೆಸ್ಟರ್ ಸಿಗವಲ್ರು ಅಂತ ಹುಡುಕ್ತಿರ್ತಾರ, ಅಲ್ಲಿ ನೀ ಬರದಿದ್ದಕ್ಕ ಅವರ ಉತ್ತರ ಬರಿಯೋ ಸಾಧ್ಯತಾನೂ ಜಾಸ್ತಿ.

ಪ್ರಶ್ನೆ: ನಾನು ಕುಷ್ಟಗಿಯ ನಿವೃತ್ತ ಮಾಸ್ತರ. ಜಿಮೇಲ್ ಮೇಲೂ ಮೊದಲು ಬೀಟಾ ಅಂತಿತ್ತು, ಅದರಿಂದ ನನಗೇನೂ ತೊಂದರೆ ಆಗಲಿಲ್ಲವಲ್ಲ?

ಉತ್ತರ: ಖರೇ ಐತ್ರಿ ಗುರುಗಳ. 2004ರ ಏಪ್ರಿಲ್ 1ಕ್ಕ ಜಿಮೇಲ್ ಬಂದಾಗ ಇನ್ವೈಟ್ ಇದ್ದೋರಿಗಷ್ಟ ಸಿಗ್ತಿತ್ತು, 1 ಜಿಬಿ ಜಾಗ ಅಂದ್ರ ಆಗ ಬಾಳ ದೊಡ್ಡದು, ಆ ಇನ್ವೈಟ್‌ನ ದುಡ್ಡು ಕೊಟ್ಟು ಕೊಂಡೋರೂ ಇದ್ರು. ಬೀಟಾ ಅನ್ನೋ ಪದ ತೆಗ್ದಿದ್ದು 2009ರ ಜುಲೈನ್ಯಾಗ, ಐದು ವರ್ಷ ಆದ ಮ್ಯಾಲ. ಆದ್ರ ಅದು ಅವರ ಸರ್ವರಿನ್ಯಾಗ ನಡಿಯೋದ್ರಿ, ನಿಮ್ಮ ಕಂಪ್ಯೂಟರ್ ಒಳಗಿಂದು ಏನೂ ಬದಲಾಗ್ತಿರ್ಲಿಲ್ಲ, ಬ್ಯಾಡಾದ್ರ ಪೇಜ್ ಮುಚ್ಚಿದ್ರ ಮುಗೀತು. ಫೋನಿನ ಬೀಟಾ ಹಂಗಲ್ರಿ, ಅದು ಇಡೀ ಫೋನಿನ ತಳಪಾಯನ ಬದಲಿ ಮಾಡ್ತೈತಿ. ನಿಮ್ಮ ಪೆನ್ಶನ್ ಮೆಸೇಜ್ ಬರೋ ಫೋನಿಗೆ ಹಾಕ್ಕೋಬ್ಯಾಡ್ರಿ, ಮೊಮ್ಮಕ್ಕಳು ಒತ್ತಾಯ ಮಾಡಿದ್ರೂ.